ಬೊಟ್ಟಿಲ್ಲದ ಪುಟ

ನಮ್ಮ ಕಾರಿನಲ್ಲಿ ರಸ್ತೆ ನಕ್ಷೆಗಳ ಪುಸ್ತಕಕ್ಕೆ ಗೊತ್ತುಮಾಡಿದ ಜಾಗವೆಂದರೆ ನನ್ನ ತೊಡೆ. ನಮ್ಮ ಯಜಮಾನರು ಸಿರುಗುಪ್ಪದಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದರು. ವ್ಯಾಪಾರ ತಣ್ಣಗಾದ ತಿಂಗಳುಗಳಲ್ಲಿ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಗೆ ಬೀಗ ಹಾಕಿ ನಾವಿಬ್ಬರೇ ದೇಶ ಸುತ್ತಲು ಹೊರಡುತ್ತಿದ್ದೆವು. ಫೋನೇ ದಾರಿ ಹೇಳುವ ಕಾಲ ಬಂದರೂ ಅವರಿಗೆ ಅದು ಬೇಡ. "ಅದು ಹೇಳಿದ ಕಡಿ ತಿರುಗಾಕ ನಾನೇನು ಎತ್ತೇನು?" ಎನ್ನುವರು. ಯಾರನ್ನಾದರೂ ಕೇಳೋಣವೆಂದರೆ ಮರ್ಯಾದೆ ಅಡ್ಡ ಬರುತ್ತಿತ್ತು. ಅವರು "ಮುಂದ?" ಎಂದ ಕೂಡಲೇ ನಾನು ಮುಂದಿನ ಊರಿನ ಹೆಸರು ಓದಬೇಕು. ತಡವಾದರೆ ಗದರುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನಾಗಪುರ ದಾಟುವವರೆಗೆ ಮಾತು ಬಿಟ್ಟದ್ದೂ ಉಂಟು.

ಇಳಿದುಕೊಂಡ ಊರಿನಲ್ಲಿ ಮುಖ ತೊಳೆಯುವ ಮೊದಲು ಹಣೆಯ ಬೊಟ್ಟನ್ನು ಕನ್ನಡಿಗೆ ಅಂಟಿಸುವುದು, ಬೆಳಿಗ್ಗೆ ಅಲ್ಲೇ ಮರೆತು ಬರುವುದು ನನ್ನ ಚಾಳಿ. ಒಮ್ಮೆ ಭುಜ್‌ನಲ್ಲಿ ಮರೆಯಬಾರದೆಂದು ಪುಸ್ತಕದಲ್ಲಿ ಅದೇ ಊರಿನ ಮೇಲೆ ಅಂಟಿಸಿದೆ. ಮರುದಿನ ಕಿತ್ತರೆ ಕಾಗದವೇ ಹರಿಯುವಂತಿತ್ತು, ಹಾಗೇ ಬಿಟ್ಟೆ. ಆಮೇಲೆ ರಾತ್ರಿ ತಂಗಿದ ಊರಿಗೆಲ್ಲ ಒಂದೊಂದು ಬೊಟ್ಟು. "ಇಡೀ ದೇಶಕ್ಕ ಕುಂಕುಮ ಹಚ್ಚಿಬಿಟ್ಟಿಯಲ್ಲ!" ಎಂದು ಅವರು ರೇಗಿಸುತ್ತಿದ್ದರು. ನಮ್ಮ ಜಿಲ್ಲೆಯ ಪುಟವನ್ನು ಮಾತ್ರ ತೆರೆಯಲೇ ಇಲ್ಲ. ಮನೆಗೆ ಬರಲು ಯಾರಿಗೆ ನಕ್ಷೆ ಬೇಕು?

ಈಗ ಅವರಿಗೆ ಮರೆವಿನ ಕಾಯಿಲೆ. ಈ ವಯಸ್ಸಿನಲ್ಲಿ ಕಲಿತು ನಾನು ಕಾರು ಓಡಿಸುತ್ತೇನೆ, ಪುಸ್ತಕ ಅವರ ತೊಡೆಗೆ ಹೋಗಿದೆ. ಬೆಳಗಿನ ತಿಂಡಿ ಮರೆಯುತ್ತಾರೆ, ಮಗಳ ಹೆಸರು ಮರೆಯುತ್ತಾರೆ. ಬೊಟ್ಟಿನ ಮೇಲೆ ಬೆರಳಿಟ್ಟರೆ ಮಾತ್ರ, "ಇಲ್ಲಿ ನಿನಗ ಜ್ವರ ಬಂದಿತ್ತು", "ಇಲ್ಲಿ ಟೈರು ಒಡೀತು" ಎನ್ನುತ್ತಾರೆ. ಒಂದೂ ತಪ್ಪಿಲ್ಲ. ಔಷಧಿಗಿಂತ ಆ ಬೊಟ್ಟುಗಳನ್ನೇ ನಂಬಿ ದಿನ ದೂಡುತ್ತಿದ್ದೆ. ಪುಸ್ತಕ ಇರುವವರೆಗೆ ಅವರು ನನ್ನ ಕೈ ಬಿಟ್ಟು ಹೋಗಲಾರರು ಎಂದುಕೊಂಡಿದ್ದೆ.

ಹೋದ ತಿಂಗಳು ಅವರ ಹಳೆಯ ಅಂಗಡಿ ತೋರಿಸಲು ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಅಂಗಡಿಯ ಗುರುತು ಹತ್ತಲಿಲ್ಲ. ತಿರುಗಿ ಬರುವಾಗ ಕುರುಗೋಡಿನ ಕಲ್ಲುಗುಡ್ಡ ಕಂಡದ್ದೇ ಗಾಬರಿಯಾದರು.

"ಮುಂದ?"

"ಬಳ್ಳಾರಿ ರೀ. ನಮ್ಮ ಮನಿ."

ನಂಬಲಿಲ್ಲ. ಪುಟ ತಿರುವಿ ಹುಡುಕತೊಡಗಿದರು. ಕಾರನ್ನು ಬದಿಗೆ ನಿಲ್ಲಿಸಿ ನಾನೇ ಆ ಪುಟ ತೆಗೆದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಉಗುರು ಹಾಕಿ ಬಿಡಿಸಬೇಕಾಯಿತು. ಪುಟ ಪುಸ್ತಕ ಕೊಂಡ ದಿನದಷ್ಟೇ ಬೆಳ್ಳಗಿತ್ತು. ಅವರು ಬಳ್ಳಾರಿಯ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಸವರಿದರು.

"ಇಲ್ಲಿ ಬೊಟ್ಟಿಲ್ಲ," ಎಂದರು. "ಈ ಊರಿಗೆ ನಾವು ಬಂದೇ ಇಲ್ಲ."

ಮದುವೆಯಾಗಿ ಬಂದ ದಿನದಿಂದ ನಾನು ಬಾಳಿದ ಊರು ಅದು. ವಿಪರೀತ ಸಿಟ್ಟು ಬಂತು, ಅಳುವೂ ಬಂತು. ಹಣೆಯ ಬೊಟ್ಟನ್ನು ಕಿತ್ತು ಬಳ್ಳಾರಿಯ ಮೇಲೆ ಒತ್ತಿ ಹಿಡಿದೆ. ಅವರು ಅದನ್ನು ನೋಡಿದರು, ನನ್ನ ಬರಿಯ ಹಣೆಯನ್ನು ನೋಡಿದರು, ಸಮಾಧಾನವಾದಂತೆ ಸೀಟಿಗೆ ಒರಗಿದರು.

"ಹಂಗಾದ್ರ ಇವತ್ತು ಇಲ್ಲೇ ಇಳಿಯೂಣು," ಎಂದರು. "ನಾಳೆ, ಮುಂದ?"

ಬರಿಯ ಹಣೆಯಲ್ಲೇ ನಾನು ಕಾರು ಚಾಲೂ ಮಾಡಿ ಬಳ್ಳಾರಿಯ ದಾರಿ ಹಿಡಿದೆ.