ಗದ್ದುಗೆಯ ಪಕ್ಕದ ಮಣ್ಣು

ಇಸವಿ ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನಾಗ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ದಿನಚರಿ ಬರೆಯುವ ಅಭ್ಯಾಸ ಆಗಲೇ ಇತ್ತು. ಆದರೆ ಈ ಸಂಗತಿಯ ಬಗ್ಗೆ ಅದರಲ್ಲಿರುವುದು, ಆಗರ್ ಸಿಕ್ಕಿಬಿದ್ದಿತು, ಮಾಮಾ ಊಟ ಮಾಡಲಿಲ್ಲ ಎಂಬಷ್ಟೇ. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಉದಾಹರಣೆಗೆ, ನಮ್ಮ ಅಜ್ಜನನ್ನು, ಅಂದರೆ ಅವ್ವನ ತಂದೆಯನ್ನು, ಮಣ್ಣು ಮಾಡಿದ ದಿನ ನಾನು ಅವನ ಹೊಲದಲ್ಲಿ ನಿಂತಿದ್ದೆ ಎಂದೇ ನನ್ನ ನಂಬಿಕೆ. ಅವ್ವ ಮಾತ್ರ, "ನೀ ಎಲ್ಲಿದ್ದೆವಾ ಅಲ್ಲಿ? ಪರೀಕ್ಷಾ ಅಂತ ಮುಧೋಳದಾಗ ಉಳದಿದ್ದಿ" ಎನ್ನುತ್ತಾಳೆ. ಈ ಬರಹದಲ್ಲಿ ಆ ದಿನಕ್ಕೆ ಕೆಲಸವಿದೆಯಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಅವ್ವನ ತವರು ತೇರದಾಳ ಮತ್ತು ಬನಹಟ್ಟಿಯ ನಡುವಿನ ಒಂದು ಹಳ್ಳಿ. ಅಲ್ಲಿ ಆಯಿ, ಅಂದರೆ ಅವ್ವನ ತಾಯಿ, ಮತ್ತು ಇಬ್ಬರು ಸೋದರಮಾವಂದಿರಿದ್ದರು. ಹಿರಿಯವನು ಈರಪ್ಪ ಮಾಮಾ, ಕಿರಿಯವನು ಮಾದೇವ ಮಾಮಾ. ಅಜ್ಜ ಬದುಕಿದ್ದಾಗಲೇ ಹೊಲ ಹಂಚಿದ್ದ. ಹಳ್ಳದ ಕಡೆಯ ಕೆಳಗಿನ ಹೊಲ ಹಿರಿಯನಿಗೆ, ಮೇಲಿನದು ಕಿರಿಯನಿಗೆ. ಆಗಿನ ಲೆಕ್ಕದಲ್ಲಿ ಕೆಳಗಿನದೇ ಮೇಲು. ಆಳವಾದ ಎರೆ ಮಣ್ಣು, ಹಸಿ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಆಳೆತ್ತರ ಬೆಳೆಸುತ್ತಿತ್ತು. ಹಂಚಿಕೆಯಾದಾಗ ಮುನಿಸಿಕೊಂಡವನು ಮಾದೇವ ಮಾಮಾ. ಒಂದು ವರ್ಷ ಅವನು ಅಣ್ಣನ ಮನೆಯ ಹೋಳಿಗೆ ಮುಟ್ಟಲಿಲ್ಲವಂತೆ.

ಅಜ್ಜ ತೀರಿಕೊಂಡ ಮೇಲೆ ಕಾಲುವೆ ಬಂತು. ಹೊಳೆಯಲ್ಲಿ ಬೇಸಿಗೆಗೂ ನೀರು ನಿಲ್ಲತೊಡಗಿ ಪೈಪ್‌ಲೈನುಗಳೂ ಬಂದವು. ಜಮಖಂಡಿಯಿಂದ ಬನಹಟ್ಟಿಯವರೆಗೆ ಬಸ್ಸಿನ ಕಿಟಕಿಯಲ್ಲಿ ಕಬ್ಬು ಬಿಟ್ಟು ಬೇರೇನೂ ಕಾಣದಂತಾಯಿತು. ಮೇಲಿನ ಹೊಲದ ಕಬ್ಬು ಎದೆಯುಬ್ಬಿಸಿತು. ಕೆಳಗಿನದರಲ್ಲಿ ಕೆಲವು ವರ್ಷ ಚೆನ್ನಾಗಿಯೇ ಬಂದದ್ದು, ಆಮೇಲೆ ಹಳದಿ ತಿರುಗಿತು. ಬೇಸಿಗೆಯಲ್ಲಿ ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಕಟ್ಟತೊಡಗಿತು. ಅದನ್ನೇ ನಮ್ಮ ಕಡೆ ಸವಳು ಎನ್ನುತ್ತಾರೆ.

ಈರಪ್ಪ ಮಾಮಾ ಸಿಟ್ಟಾದದ್ದು ನೀರಿನ ಮೇಲಲ್ಲ, ಅಜ್ಜನ ಮೇಲೆ. ಸವಳು ಆ ಹೊಲದ ಹೊಟ್ಟೆಯಲ್ಲಿ ಮೊದಲಿನಿಂದಲೂ ಇತ್ತು, ಗೊತ್ತಿದ್ದೇ ತನಗೆ ಕೊಟ್ಟ ಎಂಬುದು ಅವನ ವಾದ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುತ್ತಾರೆ. ಅಜ್ಜನ ಗದ್ದುಗೆ, ಅಂದರೆ ಸಮಾಧಿಯ ಕಟ್ಟೆ, ಕೆಳಗಿನ ಹೊಲದ ಒಂದು ದಿಬ್ಬದ ಮೂಲೆಯಲ್ಲಿತ್ತು. ಎಳ್ಳಮಾವಾಸ್ಯೆಗೆ ಎಲ್ಲರೂ ಬುತ್ತಿ ಹೊತ್ತು ಹೋಗಿ ಪೈರಿಗೆ ಚರಗ, ಅಂದರೆ ಬುತ್ತಿಯ ನೈವೇದ್ಯ, ಚೆಲ್ಲಿದರೆ, ಮಾಮಾ ಹೊಲದ ಈ ತುದಿಯಿಂದಲೇ ತಿರುಗಿ ಬರುತ್ತಿದ್ದ. ಗದ್ದುಗೆಗೆ ಎಡೆ ಇಡುತ್ತಿದ್ದವಳು ಆಯಿ ಒಬ್ಬಳೇ. ಮಗ ಹೀಗೆ ತಿರುಗಿ ನಡೆಯುವುದನ್ನು ಅವಳು ನೋಡುತ್ತ ನಿಲ್ಲುತ್ತಿದ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇದರಲ್ಲಿ ಅನುಮಾನವಿಲ್ಲ.

ನನ್ನ ಪ್ರಬಂಧದ ವಿಷಯ ನೀರಾವರಿಯಿಂದ ಎರೆ ಮಣ್ಣಿನಲ್ಲಿ ಆಗುವ ಬದಲಾವಣೆ. ಇಂಥ ಅಧ್ಯಯನಕ್ಕೆ ಹೋಲಿಕೆಯ ಮಣ್ಣು ಬೇಕು. ನೀರಾವರಿ ಕಾಣದ, ನೇಗಿಲು ತಾಗದ ಅದೇ ಜಾತಿಯ ಮಣ್ಣು. ಕಂಟ್ರೋಲ್ ಎನ್ನುತ್ತೇವೆ. ಅದಿಲ್ಲದೆ ಕೆಟ್ಟ ಹೊಲ ಯಾವಾಗ ಕೆಟ್ಟಿತೆಂದು ಹೇಳಲಾಗದು. ಆದರೆ ಆ ಸೀಮೆಯಲ್ಲಿ ಒಣ ನೆಲ ಎಲ್ಲಿ ಉಳಿದಿತ್ತು? ವಾರಗಟ್ಟಲೆ ಅಲೆದ ಮೇಲೆ ಹೊಳೆಯಿತು. ಗದ್ದುಗೆಯ ಸುತ್ತ ಮುಂದಿನವರಿಗೆಂದು ಬಿಟ್ಟ ಜಾಗವಿರುತ್ತದೆ, ಅದನ್ನು ಯಾರೂ ಉಳುವುದಿಲ್ಲ, ನೀರು ನುಗ್ಗದಂತೆ ಒಡ್ಡು ಹಾಕಿರುತ್ತಾರೆ. ಅಜ್ಜನ ಮೂಲೆಯೇ ನನ್ನ ಕಂಟ್ರೋಲ್.

ಮಾಮಾನಿಗೆ ಹೇಳಿದೆ. ಅವನು ಆಕಳ ಮೈ ತಿಕ್ಕುತ್ತಿದ್ದ.

"ಏನ್ ಡಾಕ್ಟರಬಾಯಿ, ಸತ್ತವ್ರ ನಾಡಿನೂ ಹಿಡಿತೀ ಏನ್ ಈಗ?"

"ಗದ್ದಗಿ ಮುಟ್ಟಂಗಿಲ್ರಿ ಮಾಮಾ. ಒಡ್ಡಿನ ಒಳಗ, ದೂರ ನಿಂತು ತಗೋತೀನಿ. ನೀರು ಬರೂಕಿಂತ ಮೊದಲ ಈ ಹೊಲ ಹೆಂಗಿತ್ತು ಅಂತ ತಿಳೀತೈತಿ."

ಅವನ ಕೈ ನಿಂತಿತು. "ಖರೇನ? ಮೊದಲ ಸವಳ ಇತ್ತೋ ಇಲ್ಲೋ ತಿಳೀತೈತಿ?"

"ಬಹುಶಃ ತಿಳೀತೈತ್ರಿ."

"ಬಹುಶಃ ಗಿಹುಶಃ ಬ್ಯಾಡ. ಹೇಳು, ತಿಳೀತೈತೋ ಇಲ್ಲೋ?"

ಆಳಕ್ಕೆ ಇಳಿಯುವ ಆಗರ್, ಅಂದರೆ ಮಣ್ಣು ಕೊರೆದು ತೆಗೆಯುವ ಕಬ್ಬಿಣದ ತಿರುಪು, ವಿಭಾಗದಲ್ಲಿ ಬೇರೆಯವರ ಕೈಯಲ್ಲಿತ್ತು. ತೆಗೆದುಕೊಂಡು ಬರುತ್ತೇನೆಂದು ಹೇಳಿ ಹೊರಟೆ.

ಮಾಮಾ ಕಾಯಲಿಲ್ಲ. ನಾನು ತಿರುಗಿ ಬಂದಾಗ ಪಡಸಾಲೆಯಲ್ಲಿ ಇಬ್ಬರೂ ಮಾವಂದಿರು ಎದುರುಬದುರು ಕೂತಿದ್ದರು. ಆಯಿ ಕಂಬಕ್ಕೆ ಒರಗಿದ್ದಳು. ಈರಪ್ಪ ಮಾಮಾ ತಾನೇ ಗುದ್ದಲಿ ಹಿಡಿದು ಗದ್ದುಗೆಯ ಪಕ್ಕದ ಮಣ್ಣು ಅಗೆದು, ಪೇಟೆಯ ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದ. ಫಲಿತಾಂಶದ ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು. ಮಣ್ಣಿನಲ್ಲಿ ಕರಗಿದ ಉಪ್ಪನ್ನು ಇ.ಸಿ. ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಣ್ಣಿನ ರಸದಲ್ಲಿ ಅದು ನಾಲ್ಕು ದಾಟಿದರೆ ಸವಳು. ಕಾಗದದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚಿತ್ತು.

"ನೀರ ಮುಟ್ಟದ ಜಾಗಾ ಅಂತ ನೀನಽ ಅಂದಿ, ಹೌದಿಲ್ಲೋ?" ಮಾಮಾ ಕಾಗದ ನನ್ನ ಮುಂದೆ ಹಿಡಿದ. "ಈಗ ಹೇಳು. ಅಪ್ಪ ಗೊತ್ತಿದ್ದಽ ಕೊಟ್ಟಾನ."

ಮಾದೇವ ಮಾಮಾ ನಕ್ಕ, ಒಳ್ಳೆಯ ನಗೆಯಲ್ಲ. "ಅಂವಾ ಹಂಚು ಮುಂದ ಹಲ್ಲ ಕಿಸದಕೊಂಡ ತಗೊಂಡಿದ್ದಿ. ಈಗ ಸತ್ತವನ ಮ್ಯಾಲ ಖಟ್ಲೆ ಹಾಕ್ತಿ?"

"ನೀ ಸುಮ್ನಿರಲೇ. ನಿಂದ ಕಬ್ಬ ಚಲೋ ಐತಿ, ನಿನಗ ಮಾತ ಬರತಾವ."



ಅಗೆದದ್ದು ಎಲ್ಲಿ ಎಂದು ಕೇಳಿದೆ. ಕಟ್ಟೆಗೆ ಅಂಟಿಕೊಂಡೇ, ಬೆನ್ನಿನ ಕಡೆ, ಎಂದ ಮಾಮಾ. ಅಲ್ಲಿಯ ಮಣ್ಣು ಮೆದುವಾಗಿತ್ತಂತೆ. ಆಗ ನನ್ನ ಕಣ್ಣ ಮುಂದೆ ಆ ದಿನ ಬಂತು. ಕುಣಿಯಲ್ಲಿ ಅಜ್ಜನನ್ನು ಕೂರಿಸಿದ್ದಾರೆ. ಬಿಲ್ವಪತ್ರಿ, ವಿಭೂತಿ. ಹಿರಿಯ ಮಗ ಚೀಲದ ಬಾಯಿ ಬಿಚ್ಚಿ ಅಜ್ಜನ ಸುತ್ತ ಹರಳುಪ್ಪು ಸುರಿಯುತ್ತಿದ್ದಾನೆ. ನಾನು ನೋಡಿದ್ದೆನೋ, ಅಥವಾ ಹತ್ತಾರು ಸಲ ಕೇಳಿ ನೋಡಿದಂತಾಗಿತ್ತೋ? ಅಂದು ಈ ಪ್ರಶ್ನೆ ನನಗೆ ಬರಲೇ ಇಲ್ಲ.

"ಮಾಮಾ," ಎಂದೆ, "ಅಜ್ಜನ್ನ ಇಡೂ ಮುಂದ ಉಪ್ಪ ಹಾಕಿದ್ರಲ್ಲ."

"ಹಾಕಬೇಕಲ್ಲ. ಎಲ್ಲಾರಿಗೂ ಹಾಕ್ತಾರ."

"ಸುರವಿದವ್ರು ಯಾರು?"

ಅವನು ಥಟ್ಟನೆ, "ನಾನಽ. ಹಿರೇ ಮಗಾ ನಾನಲ್ಲೇನು? ಒಂದ ಚೀಲ ಸಾಲೂದಿಲ್ಲಂತ ಮತ್ತೊಂದು..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೈಯಲ್ಲಿದ್ದ ಕಾಗದವನ್ನು ನೋಡಿದ. ಅಷ್ಟು ಮಳೆಗಾಲಗಳಲ್ಲಿ ಆ ಉಪ್ಪು ಕರಗಿ ಸುತ್ತಲ ಮಣ್ಣಿಗೆ ಇಳಿದಿತ್ತು. ವಿವರಿಸಬೇಕಾಗಲಿಲ್ಲ. ಅಂದು ಅವನು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಗದ್ದುಗೆಯಿಂದ ದೂರ, ದಿಬ್ಬದ ಮೇಲ್ಭಾಗದಲ್ಲಿ, ಒಡ್ಡಿನ ಒಳಗೇ ನಾನೂ ಈರಪ್ಪ ಮಾಮಾನೂ ಆಗರ್ ಇಳಿಸಿದೆವು. ಎರೆ ಮಣ್ಣು ಒಣಗಿದಾಗ ಕಲ್ಲಿನಂತೆ. ಆಳದಲ್ಲಿ ಆಗರ್ ಸಿಕ್ಕಿಬಿದ್ದಿತು. ನಾನು ಜೋತುಬಿದ್ದರೂ ಜಗ್ಗಲಿಲ್ಲ. ಸುಮ್ಮನೆ ನೋಡುತ್ತಿದ್ದ ಮಾದೇವ ಮಾಮಾ ಬಂದು ಅಣ್ಣನ ಎದುರು ಹಿಡಿಕೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ತಿರುವಿ ಮೇಲೆತ್ತಿದರು. ನಾನು ಮಣ್ಣನ್ನು ಆಳದ ಪ್ರಕಾರ ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆದೆ.

ಪರೀಕ್ಷೆ ನಾನೇ ಮಾಡಿದೆ. ಒಂದು ಸಲ ಮಾಡಿ ನಂಬಿಕೆಯಾಗದೆ ಮತ್ತೊಮ್ಮೆ ಮಾಡಿದೆ. ಬೇರು ಆಡುವ ಪದರದಲ್ಲೆಲ್ಲ ಇ.ಸಿ. ಒಂದರೊಳಗೇ ಇತ್ತು, ಸಿಹಿ ಮಣ್ಣು. ಎಲ್ಲಕ್ಕಿಂತ ಆಳದ ಮಣ್ಣಿನ ಚೀಲದಲ್ಲಿ ಮಾತ್ರ ಉಪ್ಪು ಏರಿತ್ತು. ಮಾಮಾ ಅಗೆದ ಮಣ್ಣಿನಲ್ಲಿ ಉಳಿದದ್ದನ್ನೂ ನೋಡಿದೆ. ಹೊಲದ ಸವಳಿನಲ್ಲಿ ಕ್ಲೋರೈಡ್ ಜೊತೆ ಸಲ್ಫೇಟೂ ಧಾರಾಳವಾಗಿತ್ತು. ಇದರಲ್ಲಿ ಇದ್ದದ್ದು ಬಹುಪಾಲು ಕ್ಲೋರೈಡ್, ಅಡುಗೆ ಮನೆಯ ಉಪ್ಪು. ಒಂದೇ ಜಾಗದ ಮಣ್ಣಿನಿಂದ ಇಡೀ ಹೊಲದ ಚರಿತ್ರೆ ಬರೆಯಬಾರದೆಂದು ನನ್ನ ಮಾರ್ಗದರ್ಶಕರು ಎಚ್ಚರಿಸಿದ್ದರು. ಅದನ್ನು ಮಾಮಾನಿಗೂ ಹೇಳಿದೆ. ಆದರೂ ನನಗೆ ತಿಳಿದಮಟ್ಟಿಗೆ ಅಜ್ಜ ಕೊಟ್ಟಾಗ ಹೊಲ ಚೆನ್ನಾಗಿತ್ತು ಎಂದೆ.

"ಹಂಗಾರ ಕೆಡಿಸಿದವರ್ಯಾರು? ಮ್ಯಾಲಿನಂವಾ?" ಅವನು ತಮ್ಮನ ಹೊಲದ ಕಡೆ ಗದ್ದ ತಿರುವಿದ.

"ಮ್ಯಾಲಿಂದ ಇಳದ ನೀರೂ ಐತಿ, ನೀವು ಹಾಯಿಸಿದ ನೀರೂ ಐತ್ರಿ. ನೆಲದೊಳಗ ನೀರು ತುಂಬಿ ಮ್ಯಾಲೆ ಬಂದೈತಿ, ಬರೂ ಮುಂದ ಕೆಳಗಿನ ಉಪ್ಪ ತಂದೈತಿ. ಬಸಿಗಾಲುವಿ ತೋಡಿ ಹಳ್ಳಕ್ಕ ಬಿಡಬೇಕು. ಇಬ್ರೂ ಸೇರಿ ತೋಡಿದ್ರ ಆಗೂ ಕೆಲಸ."

ಆ ವರ್ಷದ ಎಳ್ಳಮಾವಾಸ್ಯೆಗೆ ಈರಪ್ಪ ಮಾಮಾ ಗದ್ದುಗೆಯವರೆಗೆ ನಡೆದ. ಸಜ್ಜಿ ಕಡಬು ಇಟ್ಟ. ಕಟ್ಟೆಯ ಪಕ್ಕ ತಾನು ಅಗೆದಿದ್ದ ಕುಳಿಯನ್ನು ಕೈಯಿಂದಲೇ ಮುಚ್ಚಿದ. ತಿರುಗಿ ಬರುವಾಗ ನನ್ನ ಪಕ್ಕದಲ್ಲಿ ನಡೆಯುತ್ತ, ಸಿಟ್ಟಿಲ್ಲದೆ ಕೇಳಿದ: "ಹೊಲಾ ಚಲೋ ಇತ್ತು ಅನ್ನೂದು ಆತು. ಕೆಡತೈತಿ ಅನ್ನೂದು ಅವಂಗ ಗೊತ್ತಿತ್ತೇನು? ಅದಕ್ಕೇನರ ಮಷಿನ್ ಐತೇನು ನಿಮ್ಮ ಸಾಲ್ಯಾಗ?"

ಅವನ ಅನುಮಾನಕ್ಕೆ ಆಧಾರವಿತ್ತು. ಹಂಚಿಕೆಯ ಮುಂಚೆಯೇ ಕಾಲುವೆಯ ಸರ್ವೆಯವರು ಬಂದು ಗೂಟ ಬಡಿದಿದ್ದರು. ಸೀಮೆ ಬಲ್ಲವನೆಂದು ಅಜ್ಜ ಅವರ ಜೊತೆ ದಿನವಿಡೀ ತಿರುಗಾಡಿದ್ದ. ಮೇಲೆ ನೀರು ಹಾಯಿಸಿದರೆ ಕೆಳಗೆ ಏನಾಗುತ್ತದೆಂದು ಅವರು ಆಡಿಕೊಂಡಿರಬಹುದು, ಆಡದೆಯೂ ಇರಬಹುದು. ಒಣ ಬೇಸಾಯ ಮಾತ್ರ ಕಂಡವನು ಪ್ರೀತಿಯಿಂದ ಹಿರಿಯ ಮಗನಿಗೆ ಮೇಲಾದುದನ್ನು ಕೊಟ್ಟನೆಂದು ನಾನು ನಂಬುತ್ತೇನೆ. ನಂಬುವುದು ಬೇರೆ, ತಿಳಿಯುವುದು ಬೇರೆ.

ಅಲ್ಲಿಂದೀಚೆಗೆ ಮಣ್ಣು ಪರೀಕ್ಷೆಯೇ ನನ್ನ ಹೊಟ್ಟೆಪಾಡು. ಬೀಳಗಿ, ಮುಧೋಳ, ಜಮಖಂಡಿ ಕಡೆಯ ಚೀಲಗಳು ಈಗಲೂ ನನ್ನ ಮೇಜಿಗೆ ಬರುತ್ತವೆ. ಚೀಲ ತೆರೆಯುವ ಮುನ್ನ ಮಣ್ಣನ್ನು ಎಲ್ಲಿಂದ, ಯಾರು, ಯಾಕೆ ತೆಗೆದರೆಂದು ಕೇಳುತ್ತೇನೆ. ಈ ವೃತ್ತಿ ನನಗೆ ಕಲಿಸಿದ್ದು ಅದು. ಮಣ್ಣಿನಲ್ಲಿ ಏನಿದೆ ಎಂಬುದನ್ನು ಯಂತ್ರ ಹೇಳುತ್ತದೆ. ಅಲ್ಲಿಗೆ ಹೇಗೆ ಬಂತೆಂದು ತಿಳಿಯಲು ಮನುಷ್ಯರನ್ನು ಕೇಳಬೇಕು, ಅವರು ಹೇಳಿದರೆ. ಬಸಿಗಾಲುವೆ ತಡವಾಗಿ ಆಯಿತು, ಅರ್ಧದಷ್ಟೇ ಆಯಿತು. ಈರಪ್ಪ ಮಾಮಾ ಆ ಪ್ರಶ್ನೆಯನ್ನು ನನ್ನಲ್ಲಿ ಮತ್ತೆ ಎತ್ತಲಿಲ್ಲ.

ಎತ್ತಿದವಳು ನಾನು. ಆಯಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಸರ್ವೆಯವರ ಜೊತೆ ತಿರುಗಿ ಬಂದ ಸಂಜೆ ಅಜ್ಜನಿಗೆ ನೀರು ಕೊಟ್ಟವಳು ಅವಳು. ಹಂಚುವ ಹಿಂದಿನ ದಿನ ಅವನ ಪಕ್ಕ ಕೂತಿದ್ದವಳೂ ಅವಳೇ. ನನ್ನ ಮಾತು ಕೇಳಿ ಮೊರದ ಮೇಲಿನ ಅವಳ ಕೈ ನಿಂತಿತು ಎಂದು ನನ್ನ ನೆನಪು. ನಿಲ್ಲದೆಯೂ ಇದ್ದಿರಬಹುದು. ಆಮೇಲೆ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದು, ಜೋಳ ಕೇರುತ್ತಲೇ ಹೋದಳು. ಈಗ ಅವಳೂ ಆ ಒಡ್ಡಿನ ಒಳಗೆ, ಅಜ್ಜನ ಎಡಕ್ಕೆ ಇದ್ದಾಳೆ. ನಾನು ಕೇಳಿದ್ದು ಇಷ್ಟೇ:

"ಆಯಿ, ಕೆಳಗಿನ ಹೊಲಾ ಮುಂದ ಕೆಡತೈತಿ ಅಂತ ಅಜ್ಜಗ ಗೊತ್ತಿತ್ತೇನ ಬೇ?"