ಲೈನಿನಲ್ಲಿ ನಿಂತ ಚಪ್ಪಲಿ

ನಮ್ಮ ಕಡೆ ಯೂರಿಯಾಕ್ಕೆ ಮನುಷ್ಯರು ಲೈನು ನಿಲ್ಲುವುದಿಲ್ಲ, ಚಪ್ಪಲಿ ನಿಲ್ಲುತ್ತವೆ. ನಾರಾಯಣಖೇಡದ ಗೊಬ್ಬರದ ಅಂಗಡಿ ಮುಂದೆ ಚಪ್ಪಲಿ ಬಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು, ಜನ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಾರೆ. ಒಬ್ಬರ ಚಪ್ಪಲಿ ದಾಟಿ ಇನ್ನೊಬ್ಬರು ಮುಂದೆ ಹೋದರೆ ಹೊಡೆದಾಟವೇ. ನಾಗಲಗಿದ್ದದ ಹತ್ತಿರದ ಹಳ್ಳಿಯವಳಾದ ನಾನು ಇದು ಇಡೀ ಜಗತ್ತಿನ ಕಾನೂನು ಎಂದೇ ತಿಳಿದಿದ್ದೆ.

ಓದಲು ಡಬ್ಲಿನ್ನಿಗೆ ಹೊರಟ ದಿನ ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ನನ್ನ ಚಪ್ಪಲಿ ಹರಿಯಿತು. ಬೂಟು ಸೂಟ್‌ಕೇಸಿನ ತಳದಲ್ಲಿ, ಬಸ್ಸು ಹೊರಡುವ ಗಡಿಬಿಡಿ. ಅಪ್ಪ ತನ್ನದೇ ಬಿಚ್ಚಿಕೊಟ್ಟ. "ಹಾಕ್ಕೊಂಡ್ ಹತ್ತು. ನಾ ಹ್ಯಾಂಗಾರ ಹೋಗ್ತೀನಿ." ಮೊರದಂಥ ಆ ಚಪ್ಪಲಿಯಲ್ಲೇ ವಿಮಾನ ಹತ್ತಿದೆ.

ಡಬ್ಲಿನ್ನಿನಲ್ಲಿ ತಾಂಡೂರಿನ ಅಕ್ಕನೊಬ್ಬಳ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ ಮಲಗುತ್ತಿದ್ದೆ. ಅವಳ ಮನೆ ಮಾಲೀಕ ನೋಡಿಬಿಟ್ಟ.

"ನಾಳಿ ಸಂಜಿತನಕ ನೀ ಹೋಗ್ಲಿಲ್ಲಂದ್ರ ನನಗೂ ಹೊರಗ ಹಾಕ್ತಾನ," ಅಂದಳು ಅಕ್ಕ. "ಹಾಸ್ಟೆಲ್ ಆಫೀಸಿನಾಗ ಮೂರ್ನಾಕ ರೂಮ್ ಖಾಲಿ ಅದಾವಂತ. ಮದಲ್ ಹೋದವ್ರಿಗೇ ಸಿಗ್ತಾವ, ಜಲ್ದಿ ಹೋಗು."

ಸಾಮಾನೆಲ್ಲ ಹೊತ್ತುಕೊಂಡು ನಸುಕಿನಲ್ಲೇ ಹೋದೆ. ಆಫೀಸು ಮುಚ್ಚಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಅಬ್ಬಾ, ಆ ಗಾಳಿ! ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಕೊನೆಗೆ ಬ್ಯಾಗಿನಿಂದ ಅಪ್ಪನ ಚಪ್ಪಲಿ ತೆಗೆದು ಬಾಗಿಲ ಮುಂದೆ ಬಿಟ್ಟೆ. ಆ ದೊಡ್ಡ ಶಹರದಲ್ಲಿ ಒಂದು ಕಲ್ಲು ಸಿಗಬಾರದೇ! ಅವ್ವ ಕೊಟ್ಟ ಉಪ್ಪಿನಕಾಯಿ ಡಬ್ಬಿಯನ್ನೇ ಮೇಲಿಟ್ಟು, ಎದುರಿನ ಬೇಕರಿಯಲ್ಲಿ ಬೆಚ್ಚಗೆ ಕೂತೆ.

ಸ್ವಲ್ಪ ಹೊತ್ತಿಗೆ ಉದ್ದನೆಯ ಹುಡುಗಿಯೊಬ್ಬಳು ಬಂದಳು. ಚಪ್ಪಲಿ ನೋಡಿದಳು, ಆಚೆ ಈಚೆ ನೋಡಿದಳು, ಆಮೇಲೆ ತೆಪ್ಪಗೆ ಅವುಗಳ ಹಿಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಲೈನು ರಸ್ತೆಯ ತಿರುವಿನವರೆಗೆ ಬೆಳೆಯಿತು. ಒಬ್ಬರೂ ಅಪ್ಪನ ಚಪ್ಪಲಿ ದಾಟಲಿಲ್ಲ. ನನಗೋ ಹೆಮ್ಮೆ.

ಅಷ್ಟರಲ್ಲಿ ಕಾವಲುಗಾರ ಬಾಗಿಲು ತೆರೆದ. ಚಪ್ಪಲಿಯನ್ನು ಎರಡು ಬೆರಳಲ್ಲಿ ಹಿಡಿದು, ಉಪ್ಪಿನಕಾಯಿಯನ್ನು ಕಂಕುಳಲ್ಲಿಟ್ಟು ಒಳಗೆ ನಡೆದ. ನಾನು ಎದ್ದುಬಿದ್ದು ಓಡಿದೆ.

"ಮೊದಲ ನಂಬರು ನನ್ನದು!"

"ನೀವು ಇಲ್ಲಿರಲೇ ಇಲ್ಲವಲ್ಲ," ಅಂದ.

"ನನ್ನ ಚಪ್ಪಲಿ ಇದ್ದವಲ್ಲ!" ಅಂದೆ. ಬೇಡಬೇಡವೆಂದರೂ ಅಳು ಬಂತು. "ಸಂಜೆಗೆ ನನಗೆ ಮಲಗಲು ಜಾಗವಿಲ್ಲ."

ಉದ್ದನೆಯ ಹುಡುಗಿ ಗಂಭೀರವಾಗಿ ಹೇಳಿದಳು, "ನಿಜ. ನಾನು ಬಂದದ್ದು ಚಪ್ಪಲಿ ಬಂದ ಮೇಲೆ." ಅವಳ ಹಿಂದಿನವನೂ ಕೈಯೆತ್ತಿದ, "ಚಪ್ಪಲಿ ಒಂದು, ಇವಳು ಎರಡು, ನಾನು ಮೂರು." ಕಾವಲುಗಾರ ತಲೆ ಕೆರೆದುಕೊಂಡು ನನ್ನನ್ನು ಒಳಗೆ ಬಿಟ್ಟ. ರೂಮು ಸಿಕ್ಕಿತು. ಚಪ್ಪಲಿ ಮಾತ್ರ ಕಳೆದ ವಸ್ತುಗಳ ಕಿಟಕಿಗೆ ಹೋಗಿದ್ದವು. ಅಲ್ಲಿ ಬೇರೆ ಲೈನು! ನಿಂತುಕೊಂಡೇ ಅಪ್ಪನಿಗೆ ಫೋನು ಹಚ್ಚಿದೆ.

"ಅಪ್ಪಾ, ರೂಮ್ ಸಿಕ್ತು! ಲೈನಿನಾಗ ನಿನ್ನ ಚಪ್ಪಲ್ ಇಟ್ಟಿದ್ದೆ."

"ಶಾಭಾಸ್! ಮ್ಯಾಲ ಕಲ್ಲ ಇಟ್ಟಿದ್ದಿ ಇಲ್ಲ?"

"ಉಪ್ಪಿನಕಾಯಿ ಇಟ್ಟಿದ್ದೆ."

ಅಪ್ಪ ಜೋರಾಗಿ ನಕ್ಕ. ಅವನ ಹಿಂದೆ ಗದ್ದಲವೋ ಗದ್ದಲ.

"ಎಲ್ಲಿದ್ದೀ ಅಪ್ಪಾ?"

"ಖೇಡದಾಗ. ಯೂರಿಯಾ ಬಂದದ."

"ಮತ್ತ ನೆಳ್ಳಿಗಿ ಕೂಡಬಾರ್ದಾ?"

"ಹ್ಯಾಂಗ ಕೂಡ್ಲಿ? ಚಪ್ಪಲ್ ನಿನ್ನ ಬಲ್ಲಿ ಅದಾವ. ನಾನೇ ನಿಂತೀನಿ."