ರಾತ್ರಿಯ ಅಗ್ಗದ ಕರೆಂಟು

ಬನಹಟ್ಟಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಎರಡು ವಿದ್ಯುತ್ ಮಗ್ಗಗಳಿವೆ. ಕಳೆದ ತಿಂಗಳು ಮೀಟರ್ ಓದಲು ಬಂದವನು ಹೊಸ ದರದ ಅರ್ಜಿ ಚಾಚಿದ.

"ಅಕ್ಕಾರ, ಹಗಲಿಗಿಂತ ರಾತ್ರಿ ಕರೆಂಟ್ ಸಸ್ತಾ ಐತ್ರಿ. ಮಗ್ಗ ರಾತ್ರಿ ನಡಸ್ರಿ."

ನನ್ನ ಗಂಡ ಆಗಲೇ ಪೆನ್ನು ಹುಡುಕತೊಡಗಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಇಲ್ಲಿ ಮಗ್ಗ ನಡೆದರೆ ಅಲ್ಲಿ ತೊಟ್ಟಿಲು ನಡುಗುತ್ತದೆ. ಅದಕ್ಕೇ ಬಾಣಂತಿಯಿರುವ ಮನೆಯ ಆಚೀಚೆ, ದೀಪ ಹಚ್ಚಿದ ಮೇಲೆ ಯಾರೂ ಮಗ್ಗ ನಡೆಸುವುದಿಲ್ಲ. ನನ್ನ ಬಾಣಂತನದಲ್ಲಿ ಪಕ್ಕದ ಮನೆಯಾಕೆ ಮದುವೆ ಸೀರೆಗಳ ಕೆಲಸವಿದ್ದರೂ ನಿಲ್ಲಿಸಿದ್ದಳು. ಈಗ ಆಕೆಯ ಸೊಸೆ ಹಡೆದಿದ್ದಾಳೆ. ಈ ಓಣಿಯಲ್ಲಿ ತೊಟ್ಟಿಲು ಕಟ್ಟದ ವರ್ಷವೇ ಇಲ್ಲ.

ಅರ್ಜಿಯನ್ನು ಅವನ ಕೈಗೇ ತುರುಕಿದೆ.

"ನಮಗ ಸಸ್ತಾ ಆಗತೈತಿ, ಖರೆ. ಗ್ವಾಡಿ ಆಚಿ ಕೂಸಿನ ನಿದ್ದಿಗೆ ಯಾವ ಮೀಟರ್ ಕೂಡಸ್ತೀಯಪಾ?"